ಉಪ್ಪುಗಾಳಿಯಲ್ಲಿ ಖಡಕ್ ರೊಟ್ಟಿ

ಸಮುದ್ರ ನೋಡಿ ಬಂದವರೆಲ್ಲ ಅದನ್ನು ಹೊಗಳಲೇಬೇಕೆಂದು ಯಾರೋ ಕಾಯಿದೆ ಮಾಡಿಟ್ಟಂತಿದೆ. ನಾನು ಆ ಕಾಯಿದೆಗೆ ಈ ತನಕ ತಲೆ ಬಾಗಿಸಿಲ್ಲ. ಇನ್ನು ಬಾಗಿಸುವ ವಯಸ್ಸೂ ಅಲ್ಲ. ಐವತ್ತರ ದಶಕದ ಒಂದು ಬೇಸಿಗೆಯಲ್ಲಿ ನಾನು ಸಮುದ್ರವನ್ನು ಹತ್ತಿರದಿಂದ, ಬೇಕಾದ್ದಕ್ಕಿಂತ ಬಹಳ ಹೆಚ್ಚು ಹತ್ತಿರದಿಂದ ನೋಡಿದ್ದೇನೆ. ಅದು ಮೈಗೆ ಅಂಟುತ್ತದೆ. ನಾರುತ್ತದೆ. ರಾತ್ರಿಯೆಲ್ಲ ಗೊರಕೆ ಹೊಡೆಯುತ್ತದೆ. ಅಷ್ಟೊಂದು ನೀರು ಕಣ್ಣೆದುರಿಗೆ ಬಿದ್ದಿದ್ದರೂ ಒಂದು ತಂಬಿಗೆ ಕುಡಿಯಲು ಬರುವುದಿಲ್ಲ. ಬೇಸಿಗೆಯಲ್ಲಿ ಒಂದು ಕೊಡಕ್ಕಾಗಿ ಬಾವಿಯ ಕಟ್ಟೆಯ ಮೇಲೆ ಜಗಳಾಡಿ ಬೆಳೆದ ರೋಣದ ಕಡೆಯವರಿಗೆ ಇದಕ್ಕಿಂತ ದೊಡ್ಡ ಕುಚೇಷ್ಟೆ ಬೇರೊಂದಿಲ್ಲ.

ಹೋದದ್ದು ಅತ್ತೆಯ ಕೈಗಾಗಿ. ಅತ್ತೆ ಎಂದರೆ ನನ್ನ ತಂದೆಯ ಅಕ್ಕ. ಬೆಳವಣಕಿ ಎಂಬ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಮಕ್ಕಳಾಗುವ ಮೊದಲೇ ಗಂಡ ತೀರಿಕೊಂಡು ರೋಣದ ತವರುಮನೆಗೆ ಮರಳಿದ್ದಳು. ಹಾಗೆ ಮರಳಿದ ಹೆಂಗಸಿಗೆ ಮನೆಯಲ್ಲಿ ಒಂದು ಜಾಗ ಬೇಕಾಗುತ್ತದೆ. ಅದನ್ನು ಯಾರೂ ತೋರಿಸಿಕೊಡುವುದಿಲ್ಲ, ತಾನೇ ಮಾಡಿಕೊಳ್ಳಬೇಕು. ಅತ್ತೆ ಅದನ್ನು ಹಂಚಿನ ಮುಂದೆ ಮಾಡಿಕೊಂಡಳು. ಅವಳು ಬಡಿದ ಜೋಳದ ರೊಟ್ಟಿಯನ್ನು ಬೆಳಕಿಗೆ ಹಿಡಿದರೆ ಹಿಂದಿನ ಬೆರಳು ಮಸಕಾಗಿ ಕಾಣುತ್ತಿತ್ತು. ಅಬ್ಬಿಗೇರಿಯಲ್ಲಿ ಮದುವೆಯಿರಲಿ, ಗಜೇಂದ್ರಗಡದಲ್ಲಿ ತಿಥಿಯಿರಲಿ, ಬಳಗದವರು ಭಟ್ಟರಿಗೋ ಸ್ವಾಮಿಗಳಿಗೋ ಹೇಳುವ ಮೊದಲು ಅತ್ತೆಗೆ ಹೇಳಿಕಳಿಸುತ್ತಿದ್ದರು. ದೇವರ ಕಾರ್ಯ ಒಂದು ಗಳಿಗೆ ತಡವಾದರೆ ನಡೆಯುತ್ತದೆ, ರೊಟ್ಟಿ ತಡವಾದರೆ ನಡೆಯುವುದಿಲ್ಲ.

ಆಮೇಲೆ ಅವಳ ಎರಡೂ ಅಂಗೈಗೆ ಇಸಬು ಹತ್ತಿತು. ಮೊದಲು ತುರಿಕೆ, ಆಮೇಲೆ ಸೀಳು, ಸೀಳಿನಲ್ಲಿ ನೀರು. ವರ್ಣನೆ ಇಷ್ಟು ಸಾಕು. ಊಟದ ಹೊತ್ತಿಗೆ ಓದುವವರೂ ಇರಬಹುದು. ತಂದೆಯ ನಂತರ ಮನೆಯ ಯಜಮಾನಿಕೆ ಕಾಕಾನಿಗೆ ಬಂದಿತ್ತು, ಅಡಿಗೆಮನೆಯ ಯಜಮಾನಿಕೆ ಅವನ ಹೆಂಡತಿ ಚಿಗವ್ವನದು. ಚಿಗವ್ವ ಕೆಟ್ಟವಳಲ್ಲ. ಆದರೆ ಅವಳಿಗೆ ಹೇಸಿಗೆ ಎಂಬುದು ಒಂದು ಧರ್ಮದ ಮಟ್ಟಕ್ಕೆ ಬೆಳೆದ ಗುಣ. ಒಂದು ಬೆಳಿಗ್ಗೆ ಹಿಟ್ಟಿನ ಪರಾತವನ್ನು ಅತ್ತೆಯ ಮುಂದಿನಿಂದ ತನ್ನ ಕಡೆಗೆ ಎಳೆದುಕೊಂಡಳು.

"ಅಕ್ಕಾರ, ಕೈ ಚಲೋ ಆಗೂಮಟ ನೀವು ಹಿಟ್ಟು ಮುಟ್ಟಬ್ಯಾಡ್ರಿ."

ಅಷ್ಟೇ. ಅಂದಿನಿಂದ ಅತ್ತೆಯ ತಾಟು, ತಂಬಿಗೆ ಬೇರೆಯಾದವು. ಅವಳು ಪಡಸಾಲೆಯ ಮೂಲೆಯಲ್ಲಿ ಕೂತು, ಬಡಿಸುವವರು ಕೈ ಎತ್ತರದಲ್ಲಿ ಹಿಡಿದು ಹಾಕಿದ್ದನ್ನು ಉಣ್ಣತೊಡಗಿದಳು. ಚಿಗವ್ವನ ರೊಟ್ಟಿ ಹೇಗಿರುತ್ತಿತ್ತೆಂದು ನಾನು ಹೇಳುವುದಿಲ್ಲ. ಆಕೆ ನನಗೆ ತಾಯಿಯ ಸಮಾನ. ಮುಶಿಗೇರಿಯಿಂದ ಬರುತ್ತಿದ್ದ ಅಷ್ಟು ಒಳ್ಳೆಯ ಬಿಳಿಜೋಳಕ್ಕೆ ಅಂಥ ಗತಿ ಬರಬಾರದಿತ್ತು ಎಂದಷ್ಟೇ ಹೇಳುತ್ತೇನೆ.

ಹೀಗೆ ಒಂದು ವರ್ಷ ಕಳೆದ ಮೇಲೆ ಗಜೇಂದ್ರಗಡದ ಡಾಕ್ಟರರೊಬ್ಬರು ಅತ್ತೆಯ ಕೈ ನೋಡಿದರು.

"ಅಂಟು ರೋಗ ಅಲ್ರೀ ಇದು," ಎಂದರು. "ಮುಲಾಮು ಹಚ್ಚಿ ಸಾಕಾಗೇತಿ. ಈ ಬ್ಯಾಸಗಿಗೆ ಸಮುದ್ರಕ್ಕ ಕರಕೊಂಡ ಹೋಗ್ರಿ. ದಿನಾ ಉಪ್ಪುನೀರಾಗ ಕೈ ಅದ್ದಿ ಕುಂದರ್ಲಿ. ಬರುಮುಂದ ಘಟ್ಟದ ಮ್ಯಾಲಿನ ಕೆರಿಗಳೊಳಗ ಉಪ್ಪು ತೊಳಕೊಂಡು, ಆ ಕೆಸರ ಹಚ್ಚಿಗೊಂಡ ಬರ್ರಿ."

ಅಂಟುವುದಿಲ್ಲವೆಂಬ ಮಾತನ್ನು ಮನೆಯಲ್ಲಿ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಮುದ್ರದ ಮಾತು ಮಾತ್ರ ಎಲ್ಲರಿಗೂ ಕೇಳಿಸಿತು. ಅತ್ತೆ ಅದೇ ಸಂಜೆ ಚಿಗವ್ವನನ್ನು ಅಡಿಗೆಮನೆಯ ಬಾಗಿಲಲ್ಲಿ ಅಡ್ಡಗಟ್ಟಿದಳು.

"ಕೈ ಚಲೋ ಮಾಡಿಕೊಂಡ ಬಂದ್ರ?"

"ಬರ್ರಿ ಮೊದಲ. ಆಮ್ಯಾಲ ನೋಡೂಣು."

"ನೋಡೂಣು ಅಲ್ಲ. ಚಲೋ ಆದ್ರ ಹಂಚು ನಂದು. ಹೂಂ ಅನ್ನು."

ಚಿಗವ್ವ ಒಲೆಯ ಕಡೆ ನೋಡಿ, ಬಾಗಿಲ ಕಡೆ ನೋಡಿ, ಕೊನೆಗೆ "ಹೂಂ" ಎಂದಳು.

ನಾನಾಗ ನರಗುಂದದಲ್ಲಿ ಮಾಸ್ತರ. ಬೇಸಿಗೆಯ ಸೂಟಿಯಲ್ಲಿ ಮನೆಗೆ ಬಂದವನನ್ನು, ಓದಿದವನೊಬ್ಬ ಜೊತೆಗಿರಲಿ ಎಂಬ ಗೌರವದ ಹೆಸರಿನಲ್ಲಿ, ಗಂಟು ಹೊರಲು ನೇಮಿಸಿದರು. ಕಾಕಾ ಈ ದಂಡಯಾತ್ರೆಯ ನಾಯಕ. ಅವನು ಹೊರಡುವ ಮೊದಲು ಹಣೆಗೆ ವಿಭೂತಿ ಹಚ್ಚಿ, ಪಡಸಾಲೆಯಲ್ಲಿ ಎಲ್ಲರೂ ಕೇಳುವಂತೆ ಒಂದು ಪ್ರತಿಜ್ಞೆ ಮಾಡಿದ.

"ಕಾನಡಾ ಜಿಲ್ಲಾದಾಗ ಗಾಳಿಗೂ ಮೀನಿನ ವಾಸನಿ ಇರತೈತಂತ. ಅಲ್ಲಿಯವರು ಮುಟ್ಟಿದ್ದು, ಕುದಿಸಿದ್ದು, ಸುಟ್ಟಿದ್ದು ನಾ ತಿನ್ನಂಗಿಲ್ಲ. ನೀರಷ್ಟ ಕುಡೀತೀನಿ. ನಮ್ಮ ರೊಟ್ಟಿ ನಮ್ಮ ಕೂಡ ಬರತಾವು."

ಬಂದವು. ನಮ್ಮ ಕಡೆ ದೂರ ಹೋಗುವವರು ರೊಟ್ಟಿಯನ್ನು ಹಂಚಿನ ಮೇಲೆ ಒಣಗಿಸಿ, ಮಕ್ಕಳು ಬರೆಯುವ ಪಾಟಿಯ ಹಾಗೆ ಗಡುಸು ಮಾಡಿ, ಬಿಳಿ ಧೋತರದಲ್ಲಿ ಕಟ್ಟಿಕೊಂಡು ಹೋಗುತ್ತಾರೆ. ಆ ಖಡಕ್ ರೊಟ್ಟಿ ರೋಣದಲ್ಲಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಬುಟ್ಟಿಯಲ್ಲಿಟ್ಟು ಮರೆತು, ಯುಗಾದಿಯದನ್ನು ನಾಗರಪಂಚಮಿಗೆ ತಿಂದವರಿದ್ದಾರೆ. ಚಿಗವ್ವ ಓಣಿಯ ಹೆಂಗಸರನ್ನೆಲ್ಲ ಸೇರಿಸಿ ರೊಟ್ಟಿ ಬಡಿಯಿಸಿ ಕಟ್ಟಿದ ಗಂಟು ಗಾಡಿಯ ಗಾಲಿಯಷ್ಟಿತ್ತು. ಶೇಂಗಾ ಚಟ್ನಿ, ಅಗಸಿ ಚಟ್ನಿ ಬೇರೆ.

"ಒಂದೀಟು ಹಿಟ್ಟೂ ಕಟಗೊಳ್ಳೂಣೇನೋ?" ಎಂದು ಅತ್ತೆ ಕೇಳಿದಳು.

"ಹಿಟ್ಟು ಯಾಕ? ಬಡಿಯೋರ ಯಾರು?" ಎಂದ ಕಾಕಾ.

ಅತ್ತೆ ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಮಲ್ಲಾಪುರದಲ್ಲಿ ರೈಲು ಹತ್ತಿ, ಗದಗದಲ್ಲಿ ಬದಲಿಸಿ, ಹುಬ್ಬಳ್ಳಿಯಿಂದ ಶಿರಸಿಯ ಮೇಲೆ ಕುಮಟೆಯ ಮೋಟಾರು ಹಿಡಿದೆವು. ಘಟ್ಟ ಇಳಿಯುವ ಸೊಬಗನ್ನು ಬರೆದವರು ಬಹಳ. ಅವರಾರೂ ಮೋಟಾರಿನ ಹಿಂದಿನ ಸೀಟಿನಲ್ಲಿ, ವಾಂತಿ ಮಾಡುವ ಎರಡು ಸಂಸಾರಗಳ ನಡುವೆ, ತೊಡೆಯ ಮೇಲೆ ರೊಟ್ಟಿಯ ಗಂಟಿಟ್ಟುಕೊಂಡು ಇಳಿದವರಲ್ಲವೆಂದು ಕಾಣುತ್ತದೆ. ನನಗೆ ಗಿಡಮರ ಕಾಣಲಿಲ್ಲ. ಎದುರಿನ ಕಿಟಕಿ ಕಂಡಿತು, ಅದರ ಗಾಜಿನ ಸ್ಥಿತಿ ಕಂಡಿತು.

ಇಳಿದ ಕೂಡಲೇ ಬೆವರು. ನಮ್ಮಲ್ಲಿಯೂ ಬಿಸಿಲಿದೆ, ಆದರೆ ಅದು ಮರ್ಯಾದಸ್ಥ ಬಿಸಿಲು, ಸುಡುತ್ತದೆ, ಬಿಡುತ್ತದೆ. ಅಲ್ಲಿಯ ಸೆಕೆ ಸಾಲಗಾರನ ಬಾಗಿಲಲ್ಲಿ ಕೂತ ಸಾಹುಕಾರನಂತೆ ಏಳುವುದೇ ಇಲ್ಲ. ಅಂಗಿ ಬೆನ್ನಿಗೆ ಅಂಟಿತು, ಧೋತರ ಕಾಲಿಗೆ ಅಂಟಿತು, ಕಾಕಾನ ವಿಭೂತಿ ಕರಗಿ ಹುಬ್ಬಿಗಿಳಿಯಿತು.

ಮೊದಲು ಹೋದದ್ದು ದೇವಸ್ಥಾನವಿದ್ದ ಒಂದು ಊರಿಗೆ. ಯಾತ್ರಿಕರಿಗೆ ಕೋಣೆ ಕೊಡುವ ಮನೆಗಳಿದ್ದವು, ಮೀನಿನ ಸೋಂಕಿಲ್ಲದ ಓಣಿಯಿತ್ತು, ಕಾಕಾನ ಮುಖ ಅರಳಿತು. ಆದರೆ ಪ್ರತಿ ಮನೆಯಲ್ಲೂ ಯಾರಾದರೊಬ್ಬರು ಅತ್ತೆಯ ಕೈ ನೋಡಿದರು. ಒಂದು ಕಡೆ ಕೋಣೆ ತುಂಬಿದೆಯೆಂದರು, ಇನ್ನೊಂದು ಕಡೆ ಬಾವಿಯ ಹಗ್ಗ ಒಳಗಿಟ್ಟರು. ಮೂರನೆಯವರು ಬಹಳ ಸಭ್ಯರು. ಬಾಗಿಲು ಹಾಕುವ ಮೊದಲು ಕೈ ಮುಗಿದರು. ಹೇಸಿಗೆಪಡುವ ಹಕ್ಕು ತನ್ನದೊಬ್ಬನದೇ ಎಂದುಕೊಂಡಿದ್ದ ಕಾಕಾನಿಗೆ, ತನ್ನನ್ನೂ ಹೇಸುವವರಿದ್ದಾರೆಂಬುದು ಹೊಸ ಸಂಗತಿ.

ಹಾಗಾಗಿ ದಂಡೆ ಹಿಡಿದು ಉತ್ತರಕ್ಕೆ ನಡೆದೆವು. ಆ ದಂಡೆ ಚಿತ್ರಪಟದಲ್ಲಿರುವಂತೆ ಸಪಾಟಾಗಿಲ್ಲ. ಗುಡ್ಡಗಳು ಸಮುದ್ರದೊಳಕ್ಕೆ ಕಾಲು ಚಾಚಿಕೊಂಡು ಬಿದ್ದಿವೆ. ಒಂದನ್ನು ಹತ್ತಿ ಇಳಿದರೆ ಅಂಗೈಯಗಲ ಮರಳು, ಮತ್ತೆ ಗುಡ್ಡ. ಕಲ್ಲು ಕಪ್ಪಗೆ, ಕತ್ತಿಯಂತೆ ಚೂಪಾಗಿ, ಮೇಲೆ ಲೋಳೆ ಬೇರೆ. ನಾನು ತಲೆಯ ಮೇಲೆ ರೊಟ್ಟಿಯ ಗಂಟು ಹೊತ್ತು ಜಾರುತ್ತ ಹೋಗುತ್ತಿದ್ದರೆ, ಕಾಕಾ ಹಿಂದಿನಿಂದ "ಗಂಟು ಸಂಬಾಳ್ಸೋ" ಎಂದು ಕೂಗುತ್ತಿದ್ದ. ನನ್ನನ್ನು ಸಂಬಾಳಿಸಿಕೊಳ್ಳೆಂದು ಒಮ್ಮೆಯೂ ಹೇಳಲಿಲ್ಲ. ನಡುವೆ ಒಂದು ನದಿ ಸಮುದ್ರ ಸೇರುತ್ತಿತ್ತು. ಸೇತುವೆಯಿಲ್ಲ, ಎರಡು ದೋಣಿಗೆ ಹಲಗೆ ಕಟ್ಟಿದ ಜಂಗಲ್ ಮೇಲೆ ದಾಟಿಸುತ್ತಿದ್ದರು. ಜೊತೆಗೆ ಒಂದು ಎಮ್ಮೆ, ಐದಾರು ಮೀನಿನ ಬುಟ್ಟಿ. ಎಮ್ಮೆಯೊಂದೇ ನಮಗೆ ಪರಿಚಿತ ಮುಖ. ಕಾಕಾ ಅದರ ಪಕ್ಕಕ್ಕೆ ಹೋಗಿ ನಿಂತ.

ಇಲ್ಲಿ ಒಂದು ಮಾತು ಹೇಳಬೇಕು. ಕನ್ನಡ ನಾಡು ಒಂದಾಗಬೇಕೆಂಬ ಸಭೆ ರೋಣದಲ್ಲಿ ನಡೆದಾಗಲೆಲ್ಲ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದವನು ಕಾಕಾ. ಆ ಜಂಗಲ್ ಮೇಲೆ ಅವನು ನನ್ನ ಕಿವಿಯಲ್ಲಿ, "ಇವ್ರೂ ನಮ್ಮವರೇನೋ?" ಎಂದು ಕೇಳಿದ. ಹೌದೆಂದೆ. ಅವನು ನಿಟ್ಟುಸಿರು ಬಿಟ್ಟು ನೀರಿನ ಕಡೆ ತಿರುಗಿದ. ಏಕೀಕರಣಕ್ಕೆ ಅವನ ಬೆಂಬಲ ಮುಂದೆಯೂ ಇತ್ತು. ಆದರೆ ಚಪ್ಪಾಳೆಯ ಸದ್ದು ಕಡಿಮೆಯಾಯಿತು.

ಆಚೆ ದಂಡೆಯಲ್ಲಿ, ಬಂಡೆಗಳ ಸಂದಿಯಲ್ಲಿದ್ದ ಒಂದು ಮನೆಯ ಹೊರಚಾವಡಿ ಸಿಕ್ಕಿತು. ಮನೆಯೊಡತಿ ಒಣಮೀನು ಮಾರುವ ವಿಧವೆ, ಅತ್ತೆಯದೇ ವಯಸ್ಸು. ಅವಳು ಅತ್ತೆಯ ಕೈ ಹಿಡಿದು, ಮಗುಚಿ ನೋಡಿದಳು. ಒಂದು ವರ್ಷದಿಂದ ಯಾರೂ ಹಿಡಿಯದ ಕೈ ಅದು.

"ಇದೆಂತ ರೋಗ? ಮೀನು ಕೊಯ್ವ ನಮ್ಮ ಕೈ ಮಳೆಗಾಲದಾಗೆ ಹಿಂಗೆಯಾ ಇರ್ತದೆ," ಎಂದಳು. "ಉಪ್ಪುನೀರು ಮೊದಲಿಗೆ ಉರೀತದೆ. ಆಮೇಲೆ ಅಡ್ಡಿಲ್ಲ. ಬನ್ನಿ ತಂಗಿ."

ಮೀನಿನ ಮನೆಯೆಂದು ಕಾಕಾ ಹೊಸ್ತಿಲಾಚೆಯೇ ನಿಂತಿದ್ದ. ಆದರೆ ಹೊತ್ತು ಮುಳುಗಿತ್ತು, ಕಾಲು ಸೋತಿತ್ತು. ಧರ್ಮವು ಚಾವಡಿಯ ತನಕ ಬರಬಹುದು, ಒಳಗೆ ಬರಬಾರದು ಎಂದು ತೀರ್ಮಾನವಾಯಿತು.

ಮರುದಿನದಿಂದ ಚಿಕಿತ್ಸೆ. ಬಂಡೆಗಳ ನಡುವಿನ ಒಂದು ಹೊಂಡದಲ್ಲಿ ಅತ್ತೆ ಮೊಣಕೈ ತನಕ ಕೈ ಇಳಿಬಿಟ್ಟು ಕೂತಳು. ಉಪ್ಪು ಸೀಳಿನೊಳಗೆ ಹೊಕ್ಕಾಗ ಅವಳ ದವಡೆ ಬಿಗಿಯಿತು, ಕುತ್ತಿಗೆಯ ನರ ಎದ್ದಿತು. ಹೊಂಡದಲ್ಲಿ ಏಡಿಗಳು ಓಡಾಡುತ್ತಿದ್ದವು. ಏನೋ ಜೊಲ್ಲಿನಂಥದು ಕಲ್ಲಿಗೆ ಅಂಟಿಕೊಂಡು, ಮುಟ್ಟಿದರೆ ಬಾಯಿ ಮುಚ್ಚುತ್ತಿತ್ತು. ನಾನು ನೋಡಿದ ಕೂಡಲೇ ನಾಲ್ಕು ಹೆಜ್ಜೆ ಹಿಂದೆ ಸರಿದೆ. ಅತ್ತೆ ಅವುಗಳ ನಡುವೆ ಕೈಯಿಟ್ಟುಕೊಂಡು ಬೆಳಗಿನಿಂದ ಬಿಸಿಲೇರುವ ತನಕ ಕೂತಳು. ಸಂಜೆ ಮತ್ತೆ ಕೂತಳು.

ಮೂರು-ನಾಲ್ಕು ದಿನಕ್ಕೆ ರೊಟ್ಟಿ ಸೋತವು.

ಕಾಕಾ ಮೊದಲ ದಿನ ರೊಟ್ಟಿ ಮುರಿದಾಗ ಟಪ್ ಎಂದಿತು. ಆ ಸದ್ದಿಗೆ ಒಡತಿಯ ಬೆಕ್ಕು ಎದ್ದು ಓಡಿತು. ಆಮೇಲೊಂದು ದಿನ ಮುರಿಯಹೋದರೆ ಅದು ಮುರಿಯಲಿಲ್ಲ, ಮಣಿಯಿತು. ಹಳೆಯ ಚಪ್ಪಲಿಯ ಅಟ್ಟೆಯ ಹಾಗೆ ಬಾಗಿ, ಬಿಟ್ಟರೆ ನಿಧಾನಕ್ಕೆ ನೆಟ್ಟಗಾಯಿತು. ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನಮ್ಮ ರೊಟ್ಟಿ ಅಲ್ಲ," ಎಂದ. ಅವನ ಪ್ರಕಾರ ರೋಣದ ರೊಟ್ಟಿ ಕೆಡುವುದು ಸೃಷ್ಟಿನಿಯಮಕ್ಕೇ ವಿರುದ್ಧ. ಗಾಳಿಯಲ್ಲಿ ನೀರಿರಬಹುದು, ಆ ನೀರನ್ನು ರೊಟ್ಟಿ ಕುಡಿಯಬಹುದು ಎಂಬುದು ಅವನಿಗೆ ಹೊಳೆಯಲಿಲ್ಲ. ನನಗೂ ಹೊಳೆದಿರಲಿಲ್ಲ. ನಮ್ಮ ಗಾಳಿಯಲ್ಲಿ ಧೂಳಿನ ಹೊರತು ಏನೂ ಇರುವುದಿಲ್ಲ. ಇನ್ನೆರಡು ದಿನಕ್ಕೆ ಗಂಟು ಬಿಚ್ಚಿದಾಗ ರೊಟ್ಟಿಗೆ ಹಸಿರು ಮೀಸೆ ಚಿಗುರಿತ್ತು. ವಾಸನೆಯನ್ನು ನಾನು ವರ್ಣಿಸಬಲ್ಲೆ, ಆದರೆ ಓದುಗರು ನನಗೇನೂ ಕೇಡು ಮಾಡಿಲ್ಲ.

ಕಾಕಾ ಸೋಲುವವನಲ್ಲ. ಮೀಸೆಯಿಲ್ಲದ ರೊಟ್ಟಿಗಳನ್ನು ಆರಿಸಿ, ದಂಡೆಯ ಬಂಡೆಗಳ ಮೇಲೆ ಬಿಸಿಲಿಗೆ ಹರವಿದ. ಪಕ್ಕದ ಬಂಡೆಗಳ ಮೇಲೆ ಊರಿನ ಹೆಂಗಸರು ಮೀನು ಹರವುತ್ತಿದ್ದರು. ಅವರಲ್ಲೊಬ್ಬಳು ಬಂದು ಬಗ್ಗಿ, ಬಹಳ ಕುತೂಹಲದಿಂದ ನೋಡಿದಳು.

"ಒಡೆಯಾ, ಇದೆಂತ ಮೀನು? ನಮ್ಮ ಬದಿಗೆ ಕಂಡದ್ದಿಲ್ಲ."

"ಮೀನಲ್ಲಬೇ! ರೊಟ್ಟಿ! ಜೋಳದ ರೊಟ್ಟಿ!"

"ಓ, ಹಂಗಾ. ಹುರೂದಾ, ಸಾರು ಮಾಡೂದಾ?"

ಕಾಕಾ ರೊಟ್ಟಿಗಳನ್ನು ಅವಳಿಂದ ಆಚೆ ಸರಿಸಿದ. ಕಾಗೆಗಳು ಮಾತ್ರ ಯಾವ ಸಂಶಯವನ್ನೂ ಇಟ್ಟುಕೊಳ್ಳದೆ ಬಂದವು. ಅವನು ಕೋಲು ಹಿಡಿದು ಮೀನಿನ ಹೆಂಗಸರ ಸಾಲಿನಲ್ಲೇ ಕೂತು, ಅವರಂತೆಯೇ ಹುಶ್ ಹುಶ್ ಎನ್ನುತ್ತ ದಿನ ಕಳೆದ. ಸಂಜೆ ಮಡಚಿ ತಂದ ರೊಟ್ಟಿಯಲ್ಲಿ ಮೀನಿನ ವಾಸನೆ ಸಂಪೂರ್ಣವಾಗಿ ಇಳಿದಿತ್ತು. ಯಾವುದರಿಂದ ತಪ್ಪಿಸಿಕೊಳ್ಳಲೆಂದು ಅವನ್ನು ಅಷ್ಟು ದೂರದಿಂದ ಹೊತ್ತು ತಂದಿದ್ದೆವೋ, ಅದೇ ಅವುಗಳ ಹೂರಣವಾಗಿತ್ತು. ಅವನು ಮೂಸಿ ನೋಡಿ, ಎದ್ದು ಹೋಗಿ, ಎಲ್ಲವನ್ನೂ ಸಮುದ್ರಕ್ಕೆ ಹಾಕಿ ಬಂದ. ಸಮುದ್ರ ರಾತ್ರಿಯಲ್ಲಿ ಅರ್ಧದಷ್ಟನ್ನು ಮರಳಿ ತಂದು ಹಾಕಿತ್ತು.

"ನಾಳಿ ಹೊಂಡೂಣು," ಎಂದ ಬೆಳಿಗ್ಗೆ.

"ಎಲ್ಲಿಗೆ?" ಎಂದಳು ಅತ್ತೆ.

"ಊರಿಗೆ. ರೊಟ್ಟಿ ತೀರಿದುವು."

"ನಾ ರೊಟ್ಟಿ ತಿನ್ನಾಕ ಬಂದಿದ್ನೇನ ಇಲ್ಲಿಗೆ?"

"ಮತ್ತ ನಾ ಉಪವಾಸ ಸಾಯಲೇನ?"

"ಬಾಳಿಹಣ್ಣು ಐತಿ. ತೆಂಗಿನಕಾಯಿ ಐತಿ. ಅವಕ್ಕ ಮೀನ ಮುಟ್ಟಿಲ್ಲ. ತಿನ್ನು."

"ಅಕ್ಕಾ, ಹಟ ಮಾಡಬ್ಯಾಡ."

"ಹಟ ಅಲ್ಲೋ ತಮ್ಮಾ." ಅತ್ತೆ ಎರಡೂ ಅಂಗೈ ಅವನ ಮುಂದೆ ಹಿಡಿದಳು. "ನೋಡಿಲ್ಲಿ. ಸೀಳು ಕೂಡಾಕ ಹತ್ಯಾವು. ನೀ ನೋಡಂಗಿಲ್ಲ, ಗೊತ್ತು. ವರ್ಷಾತು, ನಾಯಿಗೆ ಹಾಕಿದಂಗ ಮ್ಯಾಲಿಂದ ಹಾಕತಾರ ನನಗ. ಈಗ ನಡುವ ಎಬ್ಬಿಸಿಕೊಂಡ ಹ್ವಾದಿ ಅಂದ್ರ ಮತ್ತ ಅದ ಮೂಲಿಗೆ ಹೋಗಿ ಕುಂದರಬೇಕು. ನೀ ಹೋಗು. ನಾ ಬರಂಗಿಲ್ಲ."

ಅಕ್ಕನನ್ನು ಮೀನಿನ ಮನೆಯಲ್ಲಿ ಬಿಟ್ಟು ಹೋದನೆಂದು ಊರು ಆಡಿಕೊಳ್ಳುವುದು, ಬಾಳೆಹಣ್ಣಿನ ಮೇಲೆ ಬದುಕುವುದು, ಇವೆರಡನ್ನು ತೂಗಿ ಕಾಕಾ ಬಾಳೆಹಣ್ಣನ್ನು ಆರಿಸಿಕೊಂಡ. ನಾನು ಎರಡನೆಯ ದಿನದಿಂದಲೇ ಒಡತಿಯ ಹಿತ್ತಲಲ್ಲಿ ಕುಚ್ಚಲಕ್ಕಿ ಅನ್ನ ಉಣ್ಣುತ್ತಿದ್ದೆ. ಚೆನ್ನಾಗಿತ್ತೆಂದು ಹೇಳಲಾರೆ. ದಪ್ಪ ದಪ್ಪ ಕೆಂಪು ಅಗುಳು, ಮೇಲೆ ತೆಂಗಿನೆಣ್ಣೆಯಲ್ಲಿ ಒಗ್ಗರಣೆ ಹಾಕಿದ ಏನೋ ಒಂದು. ನನ್ನ ತಲೆಗೆ ಹಚ್ಚಬೇಕಾದದ್ದನ್ನು ಹೊಟ್ಟೆಗೆ ಹಾಕುತ್ತಿದ್ದಾರೆ ಎನಿಸುತ್ತಿತ್ತು. ಹಲಸಿನಹಣ್ಣಿನ ವಿಷಯ ಎತ್ತುವುದಿಲ್ಲ. ಅದನ್ನು ತಿಂದ ಕೈಯನ್ನು ನಾನು ಈಗಲೂ ಪೂರ್ತಿ ತೊಳೆದಿದ್ದೇನೆಂದು ನಂಬಿಲ್ಲ.

ಹೀಗಿರುವಾಗ ಒಂದು ಮಧ್ಯಾಹ್ನ ಅತ್ತೆ ಒಡತಿಯಿಂದ ಅಕ್ಕಿಹಿಟ್ಟು ಬೇಡಿ, ಹಿತ್ತಲಿನ ಒಲೆಯ ಮುಂದೆ ಕೂತಳು. ಯಾರಿಗಾಗಿಯೂ ಅಲ್ಲ, ಕೈ ಮಣಿಯುತ್ತದೋ ಇಲ್ಲವೋ ನೋಡಲು. ಬಿಸಿನೀರು ಹಾಕಿ ನಾದಿ, ಬಡಿದಳು. ಮೊದಲಿನದು ಹರಿಯಿತು. ಎರಡನೆಯದೂ ಹರಿಯಿತು. ಆಮೇಲಿನದು ನಿಂತಿತು. ಒಡತಿ ಮೀನು ಹೆಚ್ಚುತ್ತಿದ್ದವಳು ಕೈ ತೊಳೆದು ಬಂದು, ಹಂಚಿನಿಂದ ಇಳಿದದ್ದನ್ನು ಕೇಳದೆಯೇ ಎತ್ತಿಕೊಂಡು, ಬೆರಳು ಸುಟ್ಟುಕೊಳ್ಳುತ್ತ ತಿಂದಳು.

"ಅಡ್ಡಿಲ್ಲ ಮಾರಾಯ್ತಿ. ಇನ್ನೊಂದು ಕೊಡು. ಉಪ್ಪು ಸ್ವಲ್ಪ ಕಡಮಿ."

ಅತ್ತೆ ಅವಳನ್ನೇ ನೋಡುತ್ತ ಕೂತಳು. ಹಂಚಿನ ಮೇಲಿದ್ದದ್ದು ಕರಕಾಗಿ ಹೊಗೆಯಾಡಿತು. ನಾನೂ ಒಂದು ತಿಂದೆ. ಅಕ್ಕಿಹಿಟ್ಟಿನದನ್ನು ರೊಟ್ಟಿಯೆಂದು ಕರೆಯುವುದು ಜೋಳಕ್ಕೆ ಮಾಡುವ ಅವಮಾನ ಎಂಬ ನನ್ನ ಅಭಿಪ್ರಾಯ ಬದಲಾಗಿಲ್ಲ. ಚಾವಡಿಯಲ್ಲಿ ಕೂತ ಕಾಕಾ ಬಾಳೆಹಣ್ಣು ಸುಲಿಯುತ್ತ, ನಾವಿಬ್ಬರೂ ಸತ್ತವರೆಂಬಂತೆ ಸಮುದ್ರದ ಕಡೆ ಮುಖ ಮಾಡಿದ್ದ.

ಮುಗಿಲು ಕಪ್ಪಾಗಿ, ದೋಣಿಗಳನ್ನು ದಂಡೆಗೆಳೆಯತೊಡಗಿದಾಗ ಹೊರಟೆವು. ಅತ್ತೆಯ ಬಲಗೈ ಪೂರ್ತಿ ಒಣಗಿತ್ತು, ಎಡಗೈಯಲ್ಲಿ ಹೆಬ್ಬೆರಳ ಬುಡದ ಸುತ್ತ ಮಾತ್ರ ಉಳಿದಿತ್ತು. ಒಡತಿ ಮೋಟಾರು ನಿಲ್ಲುವಲ್ಲಿಯ ತನಕ ಜೊತೆಗೆ ಬಂದು, ಅವಳಿಗೆ ಒಣಮೀನಿನ ಪೊಟ್ಟಣ ಕೊಡಹೋದಳು. ಅತ್ತೆ ಬೇಡವೆನ್ನುವ ಮೊದಲೇ ಕಾಕಾ ಮೋಟಾರಿನೊಳಗೆ ಹತ್ತಿ ಕೂತಿದ್ದ. ಮೋಟಾರು ಹೊರಡಲು ಇನ್ನೂ ಬಹಳ ಹೊತ್ತಿತ್ತು.

ಘಟ್ಟದ ಮೇಲಿನ ಕೆರೆಗಳ ಬಗ್ಗೆ ನಾನು ಬಹಳ ಆಸೆಯಿಟ್ಟುಕೊಂಡಿದ್ದೆ. ಸಿಹಿನೀರಲ್ಲವೆ. ಶಿರಸಿಯ ಹತ್ತಿರದ ಮೊದಲ ಕೆರೆಯಲ್ಲಿ ನೀರು ಹಸಿರು ಸಾರಿನಂತಿತ್ತು. ಒಂದು ಕಡೆ ಬಟ್ಟೆ ಒಗೆತ, ಒಂದು ಕಡೆ ಎಮ್ಮೆಗಳ ಸ್ನಾನ, ಅವೆರಡರ ನಡುವೆ ಒಬ್ಬ ಗೃಹಸ್ಥ ಬಹಳ ಭಕ್ತಿಯಿಂದ ಬಾಯಿ ಮುಕ್ಕಳಿಸುತ್ತಿದ್ದ. ಅತ್ತೆ ಉಪ್ಪು ತೊಳೆದುಕೊಂಡು, ಡಾಕ್ಟರರ ಅಪ್ಪಣೆಯಂತೆ ಕೆಸರು ಹಚ್ಚಿಕೊಂಡಳು. ಅವಳಿಗೆ ಆಸರೆಯಾಗಿ ನೀರಿಗಿಳಿದ ಕಾಕಾನ ಮೀನಖಂಡಕ್ಕೆ ಜಿಗಣೆ ಹತ್ತಿತು. ಅವನು ಅದನ್ನು ನೋಡಿ, "ಎಲ್ಲಾರೂ ಉಣ್ಣಾಕ ಹತ್ಯಾರ, ನಾ ಒಬ್ಬಾಂವ ಬಿಟ್ಟು," ಎಂದ. ಆ ಪ್ರವಾಸದಲ್ಲಿ ಅವನಾಡಿದ ಒಂದೇ ತಮಾಷೆಯ ಮಾತು ಅದು, ಅದೂ ಬೇಕೆಂದು ಆಡಿದ್ದಲ್ಲ.

ಎರಡನೆಯ ಕೆರೆ ಮುಂಡಗೋಡದ ಹಾದಿಯಲ್ಲಿ. ಅಲ್ಲಿ ಕೆಸರು ಇನ್ನೂ ದಟ್ಟವಾಗಿ, ಇನ್ನೂ ನಾರುತ್ತಿತ್ತು. ಆದರೆ ಅಂದು ಸಂತೆ. ಬಯಲುಸೀಮೆಯ ಗಾಡಿಯೊಂದು ಜೋಳ ತಂದಿತ್ತು. ಕಾಕಾ ಗಾಡಿಯ ಮುಂದೆ ನಿಂತು, ಮುಷ್ಟಿ ತುಂಬ ಜೋಳ ತೆಗೆದು, ಮೂಗಿಗೆ ಹಿಡಿದು, ಬಿಡಲಿಲ್ಲ. ಗಾಡಿಯವನು "ಕೊಳ್ಳತೀರೋ, ಬರೇ ಮೂಸತೀರೋ?" ಎಂದು ಕೇಳಿದ ಮೇಲೆ ಕೊಂಡ. ಧರ್ಮಶಾಲೆಯ ಬೀಸುಕಲ್ಲಿನಲ್ಲಿ ನಾನು ಬೀಸಿದೆ. ಅತ್ತೆ ಸಂತೆಯಿಂದ ಮಣ್ಣಿನ ಹಂಚು ತಂದು, ಕಟ್ಟೆಯ ನುಣುಪು ಕಲ್ಲು ತೊಳೆದು, ಮೂರು ಕಲ್ಲಿನ ಒಲೆ ಹೂಡಿದಳು. ಯಾರು ಬಡಿಯಬೇಕೆಂಬ ಚರ್ಚೆಯೇ ನಡೆಯಲಿಲ್ಲ. ಬಡಿಯಬಲ್ಲವರು ಅಲ್ಲಿದ್ದದ್ದು ಒಬ್ಬರೇ.

ಕಾಕಾ ಒಲೆಗೆ ಬೆನ್ನು ಮಾಡಿ, ಕೆರೆ ನೋಡುತ್ತ ಕೂತ. ಹಿಂದೆ ಪಟ ಪಟ ಸದ್ದು ಶುರುವಾಯಿತು. ಸುಟ್ಟ ಜೋಳದ ವಾಸನೆ ಬಂತು. ಅವನ ಬೆನ್ನು ಸ್ವಲ್ಪ ಸ್ವಲ್ಪವಾಗಿ ತಿರುಗತೊಡಗಿತು.

"ಕೈ ತೊಳದಿ?" ಎಂದ, ಇನ್ನೂ ಕೆರೆಯನ್ನೇ ನೋಡುತ್ತ.

"ತೊಳದೀನಿ."

"ಬಿಸಿನೀರಿಲೆ?"

"ಬಿಸಿನೀರಿಲೆ."

"ಸೀಗಿಕಾಯಿ ಹಚ್ಚಿ?"

"ತಮ್ಮಾ, ತಿಂತಿಯೋ ಇಲ್ಲೋ? ಹಂಚು ಕಾದೈತಿ."

ಅವನು ಪೂರ್ತಿ ತಿರುಗಿದ. ಮೊದಲ ತುತ್ತನ್ನು ಬಾಯಲ್ಲಿಟ್ಟು ಅಗಿಯದೆ ಸ್ವಲ್ಪ ಹೊತ್ತು ಇಟ್ಟುಕೊಂಡ,  ಏನಾದರೂ ಆಗುತ್ತದೋ ಎಂದು ಕಾಯುವವನಂತೆ. ಏನೂ ಆಗಲಿಲ್ಲ. ಆಮೇಲೆ ತಿಂದ. ಎಷ್ಟು ತಿಂದನೆಂದು ನಾನು ಎಣಿಸಲಿಲ್ಲ. ಹಿರಿಯರ ತಾಟು ಎಣಿಸಬಾರದು. ತಿಂದಾದ ಮೇಲೆ, "ಇದನ್ನ ಮನ್ಯಾಗ ಹೇಳೂದ ಬ್ಯಾಡ," ಎಂದ. ನಾನು ತಲೆಯಾಡಿಸಿದೆ. ಅತ್ತೆ ಹಂಚು ಒರೆಸುತ್ತಿದ್ದಳು, ತಲೆಯಾಡಿಸಲಿಲ್ಲ. ಹುಬ್ಬಳ್ಳಿಯ ತನಕ, ಅಲ್ಲಿಂದ ಮುಂದೆ ರೈಲಿನಲ್ಲಿಯೂ, ಅವನು ಅವಳು ಬಡಿದು ಕಟ್ಟಿದ್ದನ್ನೇ ತಿನ್ನುತ್ತ ಬಂದ.

ರೋಣದಲ್ಲಿ ಚಿಗವ್ವ ಅತ್ತೆಯನ್ನು ಬಾಗಿಲ ಬೆಳಕಿಗೆ ನಿಲ್ಲಿಸಿ, ಕೈ ಮುಟ್ಟದೆ, ಕತ್ತು ಚಾಚಿ ನೋಡಿದಳು.

"ಎಡಗೈಯಾಗ ಇನ್ನೂ ಐತಲ್ಲರೀ."

"ಅಷ್ಟ ಐತಿ."

"ಚಲೋ ಆದ್ರ ಅಂದಿದ್ರಿ, ಅಕ್ಕಾರ."

"ಹಂಗಾದ್ರ ನಿನ್ನ ಗಂಡನ್ನ ಕೇಳು."

"ಅವರನ್ನೇನ ಕೇಳ್ಲಿ?"

"ಮುಂಡಗೋಡದಿಂದ ಇಲ್ಲೀಮಟ ಯಾರ ಕೈಲೆ ಉಂಡಾನಂತ ಕೇಳು. ಈ ಕೈಲೆ ಉಂಡಾನ. ಸತ್ತಾನೇನ?"

ಚಿಗವ್ವ ಗಂಡನ ಕಡೆ ತಿರುಗಿದಳು. ಕಾಕಾ ಮಾಡಿನ ತೊಲೆಗಳನ್ನು ಮೊದಲ ಬಾರಿಗೆ ನೋಡುವವನಂತೆ ನೋಡುತ್ತಿದ್ದ. ಪ್ರತಿಜ್ಞೆ ಮಾಡಿದ್ದು ಅದೇ ಪಡಸಾಲೆಯಲ್ಲಿ. ಗಂಟಲು ಸರಿಮಾಡಿಕೊಂಡು, "ಹಸಿವ್ಯಾಗಿತ್ತು," ಎಂದ. ಅಷ್ಟು ಹೇಳಿ ಕೈಕಾಲು ತೊಳೆಯಲು ಹಿತ್ತಲಿಗೆ ಹೋದ. ಚಿಗವ್ವನ ಮುಖದಲ್ಲಿ ಆಗ ಕಂಡ ಹೇಸಿಗೆಯನ್ನು ನಾನು ಕಡಲ ದಂಡೆಯ ಯಾವ ಹೊಂಡದ ಮುಂದೆಯೂ ಪಟ್ಟಿರಲಿಲ್ಲ.

ಅತ್ತೆ ಒಳಗೆ ಹೋಗಿ ಹಂಚಿನ ಮುಂದೆ ಕೂತಳು. ಯಾರೂ ಎಬ್ಬಿಸಲಿಲ್ಲ. ಎಬ್ಬಿಸಬಹುದಾಗಿದ್ದ ಒಬ್ಬನೇ ಗಂಡಸು ಅವಳ ರೊಟ್ಟಿಗಾಗಿ ತಾಟು ಹಿಡಿದು ಕಾಯುತ್ತಿದ್ದ.

ಚಿಗವ್ವ ತನಗೆ ಬೇಕಾದ್ದನ್ನು ತಾನೇ ಬಡಿದುಕೊಳ್ಳಬಹುದಿತ್ತಲ್ಲ ಎಂದು ಕೇಳುವವರು ನಮ್ಮ ಕಡೆಯವರಲ್ಲ. ಒಂದೇ ಮನೆಯಲ್ಲಿ ಎರಡು ಒಲೆ ಹೊತ್ತಿದರೆ ಮನೆ ಪಾಲಾಯಿತೆಂದೇ ಊರು ತಿಳಿಯುತ್ತದೆ. ಸಂಜೆಯೊಳಗೆ ಅಬ್ಬಿಗೇರಿಯ ಬೀಗರು ಸಮಾಧಾನ ಹೇಳಲು ಬಂದು ಊಟ ಮಾಡಿಕೊಂಡೇ ಹೋಗುತ್ತಾರೆ. ಹಾಗಾಗಿ ಚಿಗವ್ವ ಅನ್ನಕ್ಕಿಳಿದಳು. ನಮ್ಮ ಮನೆಯಲ್ಲಿ ಆಗ ಅನ್ನವೆಂದರೆ ಹಬ್ಬಕ್ಕೆ, ಇಲ್ಲವೇ ಜ್ವರಕ್ಕೆ. ಅವಳು ಮಜ್ಜಿಗೆ ಅನ್ನ ಕಲಸಿಕೊಂಡು, ಅಡಿಗೆಮನೆಯ ಬಾಗಿಲಾಚೆ ಕೂತು, ಶತ್ರುಗಳ ಸೆರೆಯಲ್ಲಿದ್ದವಳಂತೆ ಉಣ್ಣುತ್ತಿದ್ದಳು. ಒಳಗೆ ನಾವೆಲ್ಲ ಬಿಸಿ ರೊಟ್ಟಿಗೆ ಬದನೆಕಾಯಿ ಹಚ್ಚಿಕೊಂಡು ತಿನ್ನುತ್ತಿದ್ದೆವು. ಯಾರೂ ಬಾ ಎನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಅತ್ತೆ ಮಾತ್ರ ಪ್ರತಿದಿನ ಅವಳ ಪಾಲಿನ ಹಿಟ್ಟನ್ನೂ ಸೇರಿಸಿಯೇ ನಾದುತ್ತಿದ್ದಳು. ಉಳಿದದ್ದನ್ನು ಎತ್ತಿಡುತ್ತಿದ್ದಳು.

ವಾರ ತುಂಬಿರಲಿಕ್ಕಿಲ್ಲ. ಒಂದು ಮಧ್ಯಾಹ್ನ ಚಿಗವ್ವ ಅನ್ನದ ತಾಟನ್ನು ದನದ ಬಾನಿಗೆ ಸುರಿದು ಬಂದು, ಒಲೆಯ ಹತ್ತಿರ ನಿಂತಳು. ಮುಖ ಗೋಡೆಯ ಕಡೆಗಿತ್ತು.

"ಅಕ್ಕಾರ, ಸುಟ್ಟದ್ದು ಗಿಟ್ಟದ್ದು ಇದ್ರ ಒಂದು ಕೊಡ್ರಿ."

ಅತ್ತೆ ಹಂಚಿನ ಮೇಲಿದ್ದದ್ದನ್ನು ಮಗುಚಿ, ಅಂಚನ್ನು ಬೆರಳಿನಿಂದ ಒತ್ತಿ, ಉಬ್ಬುವ ತನಕ ಕಾದಳು.

"ನಾ ಸುಡಂಗಿಲ್ಲವಾ," ಎಂದಳು. "ಕುಂದ್ರು. ಇದನ್ನ ತಿನ್ನು."

ಚಿಗವ್ವ ಕೂತಳು.